ತಲೆಮೇಲಿನ ನಾಟಿ

ಭತ್ತದ ನಾಟಿ ನೋಡಿದವರಿಗೆ ಹೇರ್ ಟ್ರಾನ್ಸ್‌ಪ್ಲಾಂಟ್ ಅರ್ಥ ಮಾಡಿಸೋದು ಸುಲಭ. ತಲೆಯ ಹಿಂಭಾಗವೇ ಸಸಿಮಡಿ. ಅಲ್ಲಿಂದ ಬುಡಸಮೇತ ಕಿತ್ತು ಮುಂದೆ ನೆಡ್ತಾರೆ. ಹೊಸ ಕೂದಲೇನೂ ಹುಟ್ಟಲ್ಲ, ಜಾಗ ಬದಲಾಗುತ್ತೆ ಅಷ್ಟೆ. ಕಿತ್ತ ಕಡೆ ಮತ್ತೆ ಬೆಳೆಯಲ್ಲ.

ನನ್ನ ಚಿಕ್ಕಮ್ಮನ ಮಗನಿಗೆ ಇದನ್ನೇ ಹೇಳ್ತಾ ಇದ್ದೀನಿ. 24 ವರ್ಷ, ಮೂರು ತಿಂಗಳಲ್ಲಿ ಮದುವೆ. “ಅಷ್ಟರೊಳಗೆ ಮಾಡಿಸ್ಕೊಂಡ್ಬಿಡ್ತೀನಿ ಅಣ್ಣಾ” ಅಂತಾನೆ. ಸಾಲಕ್ಕೂ ಓಡಾಡ್ತಿದ್ದಾನೆ!

ಆದ್ರೆ ನೆಟ್ಟ ಕೂದಲು ಬಹುಪಾಲು ಮೊದಲ ಒಂದೆರಡು ತಿಂಗಳಲ್ಲೇ ಉದುರುತ್ತೆ, ಬೇರು ಉಳಿದಿರುತ್ತೆ. ಮತ್ತೆ ಚಿಗುರೋಕೆ ಮೂರ್ನಾಲ್ಕು ತಿಂಗಳು, ಪೂರ್ತಿ ಕಾಣೋಕೆ ಸುಮಾರು ಒಂದು ವರ್ಷ. ಅಂದ್ರೆ ಧಾರೆ ಮಂಟಪದಲ್ಲಿ ಈಗಿನಷ್ಟೂ ಕೂದಲು ಇಲ್ಲದೇ ಇರಬಹುದು :)

ಇನ್ನೊಂದು, ವಯಸ್ಸು. ನೆಟ್ಟದ್ದು ಉಳಿಯುತ್ತೆ, ಅದರ ಹಿಂದಿನ ಹಳೇ ಕೂದಲು ಉದುರುತ್ತಲೇ ಹೋಗುತ್ತೆ. 40ಕ್ಕೆ ಹಣೆಮೇಲೊಂದು ಬೇಲಿ, ಹಿಂದೆ ಬಯಲು... ಆಗ ನೆಡೋಣ ಅಂದ್ರೆ ಮಡಿಯಲ್ಲಿ ಸಸಿ ಇರಲ್ಲ. ಅದಕ್ಕೇ ಒಳ್ಳೆ ಡಾಕ್ಟರು ಮೊದಲು ಉದುರೋದನ್ನ ತಡೆಯೋಕೆ ಮಿನಾಕ್ಸಿಡಿಲ್, ಫಿನಾಸ್ಟರೈಡ್ ಥರದ ಔಷಧಿ ಕೊಟ್ಟು ನೋಡ್ತಾರೆ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗೋದುಂಟು. ನಾಚಿಕೆ ಬಿಟ್ಟು ಕೇಳಿ ತಿಳ್ಕೊಳ್ಳಿ.

ಕೊನೇದಾಗಿ, ತಲೆಗೆ ಕೈ ಹಾಕೋರು ಯಾರು? ಯೂಟ್ಯೂಬ್ ನೋಡಿ ಕಲಿತರೆ ಸಾಲದು ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಬೇಕಾಯ್ತು. ಕೆಲಸ ಮಾಡೋ ಡಾಕ್ಟರ ಹೆಸರು, ತರಬೇತಿ, ನೋಂದಣಿ ಸಂಖ್ಯೆ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಬೋಳುತಲೆಯಿಂದ ಜೀವಕ್ಕೇನೂ ಅಪಾಯವಿಲ್ಲ. ಅವಸರ ಯಾಕೆ, ಅಲ್ವಾ?