ನಮ್ಮ ಮನೆಯ ಅಳುವ ಕೂಸು

"ಕೂಸು ಹುಟ್ಟುವ ಮುಂಚೆ ಕುಲಾವಿ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ನಮ್ಮ ಮನೆಯಲ್ಲಿ ಆದದ್ದೂ ಅದೇ. ಅಕ್ಕ ಚೊಚ್ಚಲ ಬಾಣಂತನಕ್ಕೆ ಬರುತ್ತಾಳೆಂದು ತಿಳಿದ ದಿನದಿಂದ ಅವ್ವ ಹಳೆಯ ನೂಲಿನ ಸೀರೆಗಳನ್ನೆಲ್ಲ ಒಗೆದು, ಮೆತ್ತಗಾಗಿ ಮಡಿಚಿಟ್ಟಳು. ಅಪ್ಪ ತೊಟ್ಟಿಲಿನ ಹಗ್ಗ ಬದಲಾಯಿಸಿದ. ಅಜ್ಜಿ ಕುಲಾವಿ ಹೊಲಿದಳು, ಅದೂ ಒಂದಲ್ಲ, ಮೂರು! ಎಲ್ಲಕ್ಕೂ ಸಿದ್ಧತೆ ನಡೆದಿತ್ತು. ಅಳುವೊಂದಕ್ಕೆ ಮಾತ್ರ ಯಾರೂ ಸಿದ್ಧರಾಗಿರಲಿಲ್ಲ.

ದೀಪಾವಳಿ ಕಳೆದ ವಾರದಲ್ಲಿ ಆದೋನಿಯ ಆಸ್ಪತ್ರೆಯಲ್ಲಿ ಅಕ್ಕನಿಗೆ ಗಂಡು ಕೂಸು ಹುಟ್ಟಿತು. ತೂಕ 2 ಕಿಲೊ 700 ಗ್ರಾಂ. ಮೊದಲ ಹತ್ತು ಹನ್ನೆರಡು ದಿನ ಹಾಲು ಕುಡಿಯುವುದು, ಮಲಗುವುದು, ಇಷ್ಟೇ ಅದರ ಕೆಲಸ. "ಎಂಥ ಸಮಾಧಾನದ ಕೂಸು!" ಎಂದು ಬಂದವರೆಲ್ಲ ಹೊಗಳಿದರು. ಯಾರ ಹೊಗಳಿಕೆ ತಗುಲಿತೋ ಕಾಣೆ, ಮೂರನೆಯ ವಾರ ಹಿಡಿಯುತ್ತಲೇ ಅಳು ಶುರುವಾಯಿತು. ಹಗಲೆಲ್ಲ ಅಷ್ಟಕ್ಕಷ್ಟೆ. ದೀಪ ಹಚ್ಚುವ ಹೊತ್ತಾಯಿತೆಂದರೆ ಮುಖ ಕೆಂಪಗೆ ಮಾಡಿ, ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡು ಕಿರುಚಲು ತೊಡಗಿದರೆ ರಾತ್ರಿ ಒಂಬತ್ತೂವರೆ, ಹತ್ತರವರೆಗೆ ನಿಲ್ಲುತ್ತಿರಲಿಲ್ಲ. ಅಪ್ಪ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡುವವನು. "ನಮ್ಮ ಮಿಲ್ಲಿನ ಯಂತ್ರವಾದರೂ ಕರೆಂಟು ಹೋದರೆ ನಿಲ್ಲುತ್ತೆ, ಇದು ನಿಲ್ಲಂಗಿಲ್ಲ ನೋಡು" ಎಂದು ನಗೆಯಾಡುತ್ತಿದ್ದ. ಆದರೆ ವಾರ ಕಳೆಯುವಷ್ಟರಲ್ಲಿ ನಗುವ ಶಕ್ತಿ ಯಾರಿಗೂ ಉಳಿಯಲಿಲ್ಲ.

ಅಳುವ ಕೂಸಿರುವ ಮನೆಗೆ ವೈದ್ಯರ ಕೊರತೆ ಇರುವುದಿಲ್ಲ. ಬೀದಿಯವರೆಲ್ಲರೂ ವೈದ್ಯರೇ! ಪಕ್ಕದ ಮನೆಯ ಪಿನ್ನಮ್ಮ ಓಮಿನ ಕಾಳಿನ ನೀರು ಕುಡಿಸಿರೆಂದಳು. ಎದುರು ಮನೆಯ ಖಾಲಾ ಇಂಗು ಕಲಸಿ ಹೊಕ್ಕಳ ಸುತ್ತ ಹಚ್ಚಿರೆಂದಳು. ಒಬ್ಬರು ಬಜೆ ತೇಯ್ದು ನೆಕ್ಕಿಸಿರೆಂದರೆ, ಇನ್ನೊಬ್ಬರು ಔಡಲೆಣ್ಣೆ, ಮತ್ತೊಬ್ಬರು ಗ್ರೈಪ್ ವಾಟರ್, ಮಗದೊಬ್ಬರು ತಾಯತ. ಅಜ್ಜಿ ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಅದರ ಘಾಟಿಗೆ ಕೂಸಿನ ಜೊತೆಗೆ ನಾವೂ ಕಣ್ಣೀರು ಸುರಿಸಿದೆವು.

ಹೀಗಿರುವಾಗ ಒಂದು ದಿನ ದೂರದ ಸಂಬಂಧದ ಹಿರಿಯರೊಬ್ಬರು ಬಂದರು. ಕೂಸಿನ ಅಳು ಕೇಳಿ, "ಇದಕ್ಕೆಲ್ಲ ಔಷಧ ನಾಟೋದಿಲ್ಲ. ಹೊಟ್ಟೆಗೆ ಎರಡು ಬರೆ ಹಾಕಿಸಿ, ನಾಳೇನೇ ಸುಮ್ಮನಾಗುತ್ತೆ" ಎಂದರು. ನಿದ್ದೆಗೆಟ್ಟು ಬಸವಳಿದಿದ್ದ ಅವ್ವ ಬೇಡವೆನ್ನಲಿಲ್ಲ. ಅಕ್ಕ ಕೂಸನ್ನು ಎದೆಗವಚಿಕೊಂಡು ಗೋಡೆಗೆ ಒರಗಿದಳು. ಆಗ ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಎದ್ದು ಬಂದಳು. ಸೀರೆಯನ್ನು ಸ್ವಲ್ಪ ಸರಿಸಿ, ಹೊಕ್ಕಳ ಪಕ್ಕದಲ್ಲಿ ಅಗಲವಾಗಿದ್ದ ಹಳೆಯ ಕಲೆಯನ್ನು ತೋರಿಸಿ, "ನನಗೂ ಹಾಕಿದ್ದರಪ್ಪಾ. ಅಳು ನಿಲ್ಲಲಿಲ್ಲವಂತೆ. ಸುಟ್ಟ ಗಾಯ ಕೀವಾಗಿ ಇನ್ನೊಂದು ತಿಂಗಳು ಅತ್ತೆನಂತೆ. ನಮ್ಮವ್ವ ಸಾಯೋತನಕ ಅದನ್ನೇ ನೆನೆಸಿಕೊಂಡು ಅಳ್ತಿದ್ದಳು. ಈ ಕೂಸಿನ ಮೈಮೇಲೆ ಯಾರೂ ಬೆಂಕಿ ತೋರಿಸಬೇಡಿ" ಎಂದಳು. ಬಂದ ಹಿರಿಯರು ಮರುಮಾತಾಡಲಿಲ್ಲ. ದೃಷ್ಟಿ ತೆಗೆಯುವ ಅಜ್ಜಿಯೇ ಬರೆಯನ್ನು ತಡೆದಳೆಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಮರುದಿನ ಬೆಳಗ್ಗೆ ಅಪ್ಪ, ಅಕ್ಕ, ನಾನು ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕೂಸಿನ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಕಿವಿ, ಬಾಯಿ, ಹೊಟ್ಟೆ ನೋಡಿದರು. ಕೈಕಾಲಿನ ಬೆರಳುಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿದರು. ಕೆಲವೊಮ್ಮೆ ತಾಯಿಯ ತಲೆಗೂದಲೋ, ಬಟ್ಟೆಯ ದಾರವೋ ಬೆರಳಿಗೆ ಸುತ್ತಿಕೊಂಡು ರಕ್ತ ಓಡದೆ ಕೂಸು ಅಳುವುದುಂಟಂತೆ. ಆಮೇಲೆ ತೂಗಿದರು. ಐದು ವಾರಕ್ಕೆ 3 ಕಿಲೊ 500 ಗ್ರಾಂ! "ಹಾಲು ಸಾಲದಿದ್ದರೆ ತೂಕ ಹೀಗೆ ಏರುತ್ತದೆಯೇನಮ್ಮಾ? ನಿನ್ನ ಹಾಲೂ ಸರಿಯಿದೆ, ಕೂಸೂ ಸರಿಯಿದೆ" ಎಂದಾಗ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. "ನಾನು ಒಳ್ಳೇ ತಾಯಿಯಲ್ಲ, ಅದಕ್ಕೇ ಇದು ಅಳ್ತೈತೆ" ಎಂದು ಅವಳು ರಾತ್ರಿಯೆಲ್ಲ ಕೊರಗುತ್ತಿದ್ದಳೆಂಬುದು ನಮಗೆ ತಿಳಿದದ್ದೇ ಆಗ. ಭಾವ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದರು. ಮನಸ್ಸಿನ ಮಾತು ಹೇಳಿಕೊಳ್ಳಲು ಅವಳಿಗೆ ಯಾರಿದ್ದರು?

ಡಾಕ್ಟರಮ್ಮ ಹೇಳಿದ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದೆ. ಆರೋಗ್ಯವಾಗಿರುವ ಕೂಸುಗಳೂ ಎರಡನೆಯ ವಾರದಿಂದ ಹೆಚ್ಚು ಹೆಚ್ಚಾಗಿ ಅಳುತ್ತವೆ. ಆರನೆಯ ವಾರದ ಹೊತ್ತಿಗೆ ಅದು ತುತ್ತತುದಿಗೇರುತ್ತದೆ. ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಸಂಜೆಯ ಹೊತ್ತೇ ಹೆಚ್ಚು. ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿದಾಗ ಅವರು ಇನ್ನೊಂದು ವಿಷಯ ತಿಳಿಸಿದರು. ಅಮೆರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ ಎಂಬವರು 80 ಕೂಸುಗಳ ತಾಯಂದಿರಿಂದ ಅಳುವಿನ ದಿನಚರಿ ಬರೆಸಿ, 1962ರಲ್ಲಿ ಪ್ರಕಟಿಸಿದರಂತೆ. ಆರು ವಾರದ ಕೂಸುಗಳು ದಿನಕ್ಕೆ ಸುಮಾರು 2 ಗಂಟೆ 45 ನಿಮಿಷ ಅಳುತ್ತಿದ್ದವು! ಅಮೆರಿಕದ ಕೂಸಿಗೆ ನಮ್ಮ ಬೀದಿಯವರ ದೃಷ್ಟಿ ತಗುಲಿರಲು ಸಾಧ್ಯವೇ?

ಹಾಗಾದರೆ ಕೈಕಟ್ಟಿ ಕೂರಬೇಕೇ? ಇಲ್ಲ. ಮೊದಲು ಕಾರಣ ಹುಡುಕಬೇಕು. ಹಸಿವೆಯೇ, ಬಟ್ಟೆ ಒದ್ದೆಯೇ, ಸೆಕೆಯೇ, ಚಳಿಯೇ, ಇರುವೆ ಕಡಿಯಿತೇ, ಹಾಲು ಕುಡಿದ ಮೇಲೆ ತೇಗು ಬಂದಿಲ್ಲವೇ ಎಂದು ಒಂದೊಂದಾಗಿ ನೋಡಬೇಕು. ಯಾವುದೂ ಅಲ್ಲವಾದರೆ ಎತ್ತಿಕೊಳ್ಳಬೇಕು. ಆರು ತಿಂಗಳವರೆಗೆ ತಾಯಿಯ ಹಾಲಿನ ಹೊರತು ಬೇರೇನೂ ಬೇಡ. ನಮ್ಮ ಸೀಮೆಯ ಬಿಸಿಲಿನಲ್ಲೂ ನೀರು ಬೇಡ, ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಬಜೆ, ಓಮಿನ ನೀರು, ಔಡಲೆಣ್ಣೆ, ಗ್ರೈಪ್ ವಾಟರ್ ಯಾವುದೂ ಬೇಕಿಲ್ಲ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದೂ, ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕುವುದೂ ಬೇಡ.

ಇನ್ನು ಎತ್ತಿಕೊಳ್ಳುವವರಾರು? ಇಲ್ಲಿಯೇ ನನ್ನ ಕಥೆಯೂ ಬರುತ್ತದೆ. ಮಾರ್ಚಿಯಲ್ಲಿ ನನಗೆ ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆ. "ಹುಡುಗಿ ಎರಡು ತಿಂಗಳು ಸಾಲಿ ಬಿಟ್ಟು ಮನ್ಯಾಗಿರಲಿ, ತೊಟ್ಟಿಲು ತೂಗಾಕೆ ಆಗುತ್ತೆ" ಎಂಬ ಮಾತು ಮನೆಯಲ್ಲಿ ಎದ್ದಿತು. ನಮ್ಮ ಕಡೆ ಇದು ಹೊಸ ಮಾತೇನೂ ಅಲ್ಲ. ಕೋಸಿಗಿ, ಕೌತಾಳಂ ಕಡೆಯಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಸುಗ್ಗಿಗೆ ಹೋಗುವ ಎಷ್ಟೋ ಸಂಸಾರಗಳಲ್ಲಿ ತಾಯಿ ಹೊಲದಲ್ಲಿದ್ದರೆ, ಬದುವಿನ ಮರಕ್ಕೆ ಕಟ್ಟಿದ ಜೋಲಿಯ ಬಳಿ ಇರುವವಳು ನನ್ನ ವಯಸ್ಸಿನ ಹುಡುಗಿಯೇ. ಜೋಲಿ ಬಿಚ್ಚಿ ಊರಿಗೆ ಮರಳುವಷ್ಟರಲ್ಲಿ ಅವಳ ಸಾಲಿಯ ವರ್ಷವೇ ಕಳೆದಿರುತ್ತದೆ. ನನ್ನ ಎದೆ ಡವಡವ ಹೊಡೆದುಕೊಂಡಿತು. ಕೂಸಿನ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಪುಸ್ತಕದ ಮೇಲೂ ಪ್ರೀತಿ ಇತ್ತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಿಲ್ಲಿನಾಗೆ ಒಬ್ಬನೇ ಹಗಲೂ ರಾತ್ರಿ ನಿಂತರೆ ಸಾಯ್ತಾನೆ. ಅದಕ್ಕೇ ಪಾಳಿ ಮಾಡಿದಾರೆ. ಮನ್ಯಾಗೂ ಪಾಳಿ ಮಾಡೋಣ. ಅವಳು ಸಾಲಿಗೆ ಹೋಗಲಿ" ಎಂದ. ಅಂದಿನಿಂದ ನಮ್ಮ ಮನೆಯಲ್ಲೂ ಪಾಳಿ ಆರಂಭವಾಯಿತು. ಆರರಿಂದ ಏಳು ನಾನು, ಏಳರಿಂದ ಎಂಟು ಅಪ್ಪ, ಎಂಟರಿಂದ ಒಂಬತ್ತು ಅವ್ವ, ಆಮೇಲೆ ಅಜ್ಜಿ. ಅಕ್ಕ ಆ ಹೊತ್ತಿನಲ್ಲಿ ಹಾಲು ಕೊಡಲು ಎದ್ದರೆ ಸಾಕು, ಉಳಿದಂತೆ ಬಿಸಿ ಊಟ ಮಾಡಿ ಕಣ್ಣು ಮುಚ್ಚಬೇಕು. ಹಿರಿಯರ ಮುಂದೆ ಗಂಡಸು ತನ್ನ ಮಕ್ಕಳನ್ನು ಎತ್ತಿಕೊಳ್ಳುವುದು ಮರ್ಯಾದೆಯಲ್ಲವೆಂಬ ಕಾಲದಲ್ಲಿ ಬೆಳೆದವನು ಅಪ್ಪ. ಅಕ್ಕನನ್ನಾಗಲಿ ನನ್ನನ್ನಾಗಲಿ ಆತ ಹೆಗಲಿಗೆ ಹಾಕಿಕೊಂಡದ್ದು ಕಡಿಮೆಯೇ. ಅಂಥವನು ತಲೆಯ ಮೇಲಿನ ಹತ್ತಿಯ ನಾರನ್ನು ತೊಳೆದು, ಬೇರೆ ಅಂಗಿ ತೊಟ್ಟು, ಮೊಮ್ಮಗನನ್ನು ಹೆಗಲಿಗೊರಗಿಸಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ನಡೆಯತೊಡಗಿದ. ಅಜ್ಜಿ ಅದನ್ನು ನೋಡಿ ಮುಖ ತಿರುಗಿಸಿಕೊಂಡು ಕಣ್ಣೊರಸಿಕೊಂಡಳು.

ನಡೆಯುವುದರಲ್ಲಿ ಗುಟ್ಟಿದೆ. ಬೆಕ್ಕು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವಾಗ ಮರಿ ಅಲುಗಾಡದೆ ಸುಮ್ಮನಿರುವುದನ್ನು ನೀವು ನೋಡಿರಬಹುದು. ಮನುಷ್ಯರ ಕೂಸೂ ಹಾಗೆಯೇ. ಎತ್ತಿಕೊಂಡು ನಡೆದರೆ ಅದರ ಎದೆಬಡಿತ ನಿಧಾನವಾಗುತ್ತದೆ. ಜಪಾನಿನ ಕುಮಿ ಕುರೊಡಾ ಮತ್ತು ಅವರ ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಡೆದು, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೆಯೇ ಕುಳಿತಿದ್ದು, ಅನಂತರ ಮಲಗಿಸಿದರೆ ಎಚ್ಚರವಾಗುವುದು ಕಡಿಮೆ. ನಾವು ಮೊದಲು ನಿದ್ದೆ ಹತ್ತಿದ ಕೂಡಲೇ ತೊಟ್ಟಿಲಿಗೆ ಹಾಕುತ್ತಿದ್ದೆವು. ಬೆನ್ನು ತಾಗುತ್ತಲೇ ಕಣ್ಣು ಬಿಡುತ್ತಿತ್ತು. ಕೆನಡಾದ ಮಾಂಟ್ರಿಯಲ್ಲಿನಲ್ಲಿ ನಡೆದು 1986ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅಳದಿದ್ದಾಗಲೂ ಹೆಚ್ಚು ಹೊತ್ತು ಎತ್ತಿಕೊಂಡಿದ್ದ ಕೂಸುಗಳು ಆರನೆಯ ವಾರದಲ್ಲಿ ಇತರ ಕೂಸುಗಳಿಗಿಂತ ನೂರಕ್ಕೆ 43ರಷ್ಟು ಕಡಿಮೆ ಅತ್ತವು. "ಎತ್ತಿ ಎತ್ತಿ ಕೈಗೂಸು ಮಾಡಬೇಡಿ" ಎನ್ನುವವರು ಇದನ್ನು ಗಮನಿಸಬೇಕು.

ನಡಿಗೆಯ ಜೊತೆಗೆ ಜೋಗುಳವೂ ಬೇಕು. ಅಜ್ಜಿಯದು ಕನ್ನಡದ ಜೋಗುಳ. ಯಶೋದೆ ಕೃಷ್ಣನನ್ನು ಆಡಿಸಿದ್ದನ್ನು ಹಾಡಿದ ದಾಸರ ಪದಗಳೂ ಅವಳಿಗೆ ಬರುತ್ತವೆ. ಪಿನ್ನಮ್ಮ ಅನ್ನಮಾಚಾರ್ಯರ ಲಾಲಿ ಹಾಡಿದರೆ, ಖಾಲಾ ಉರ್ದುವಿನಲ್ಲಿ ಲೋರಿ ಹಾಡುತ್ತಾಳೆ. ಅಜ್ಜಿ ಹುಟ್ಟಿದಾಗ ನಮ್ಮ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ತೊಟ್ಟಿಲು ಇದ್ದಲ್ಲೇ ಇತ್ತು, ಜಿಲ್ಲೆ ಬದಲಾಯಿತು! ಕೂಸಿಗೆ ಈ ಗಡಿಗಳು ಯಾವುವೂ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ತಗ್ಗಿದ, ಒಂದೇ ಲಯದ ದನಿ. ಮೂರು ಭಾಷೆಯಲ್ಲೂ ಅದು ಒಂದೇ ರೀತಿ ಮಲಗುತ್ತದೆ, ಒಂದೇ ರೀತಿ ಎದ್ದು ಅಳುತ್ತದೆ!

ಕೆಲವು ದಿನ ಯಾವ ಉಪಾಯವೂ ನಡೆಯುತ್ತಿರಲಿಲ್ಲ. ಅಂಥ ಹೊತ್ತಿಗೂ ಡಾಕ್ಟರಮ್ಮ ಒಂದು ಮಾತು ಹೇಳಿದ್ದರು. ತಾಳ್ಮೆ ಕೆಟ್ಟಿತೆನಿಸಿದರೆ ಕೂಸನ್ನು ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ಹೊರಗೆ ಹೋಗಿ ಐದು ನಿಮಿಷ ಗಾಳಿಗೆ ನಿಲ್ಲಬೇಕು. ಅತ್ತರೆ ಕೂಸಿಗೆ ಕೇಡಿಲ್ಲ. ಸಿಟ್ಟಿನಲ್ಲಿ ಹಿಡಿದು ಜಾಡಿಸಿದರೆ ಮಿದುಳಿನಲ್ಲಿ ರಕ್ತ ಒಸರಿ ಪ್ರಾಣವೇ ಹೋಗಬಹುದು. ಬಾಣಂತಿಯ ದುಃಖ ಎರಡು ವಾರಕ್ಕೂ ಮೀರಿ ಉಳಿದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಅದು ಸೋಮಾರಿತನವಲ್ಲ, ವಾಸಿಯಾಗುವ ಕಾಯಿಲೆ.

ಎಲ್ಲ ಅಳುವೂ ಸಾಧಾರಣದ ಅಳುವಲ್ಲ ಎಂಬುದನ್ನೂ ಮರೆಯಬಾರದು. ಕೂಸಿಗೆ ಜ್ವರ ಬಂದರೆ, ಮೈ ತಣ್ಣಗಾದರೆ, ಹಾಲು ಕುಡಿಯದಿದ್ದರೆ, ಹಸಿರು ಬಣ್ಣದ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಉಚ್ಚೆ ಕಡಿಮೆಯಾದರೆ, ಉಸಿರಾಟಕ್ಕೆ ಕಷ್ಟಪಟ್ಟರೆ, ಇಲ್ಲವೆ ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಫೋನು ಮಾಡಬೇಕು. ಗಟ್ಟಿಯಾಗಿ ಅಳುವ ಕೂಸಿಗಿಂತ, ಅಳಲೂ ಶಕ್ತಿಯಿಲ್ಲದ ಕೂಸಿನ ಬಗ್ಗೆ ಹೆಚ್ಚು ಎಚ್ಚರ ಬೇಕು.

ಈಗ ನಮ್ಮ ಕೂಸಿಗೆ ಮೂರು ತಿಂಗಳು ತುಂಬಿದೆ. ಅಳು ಅರ್ಧ ಗಂಟೆಗೆ ಇಳಿದಿದೆ. ಅಪ್ಪ ಮಿಲ್ಲಿನಿಂದ ಬರುವ ಹೆಜ್ಜೆಯ ಸದ್ದಿಗೆ ಕತ್ತು ತಿರುಗಿಸುತ್ತದೆ, ಅಕ್ಕನ ಮುಖ ಕಂಡರೆ ಬೊಚ್ಚು ಬಾಯಿ ತೆರೆದು ನಗುತ್ತದೆ. ಅಕ್ಕನೂ ನಗುತ್ತಾಳೆ. ನಾನು ಒಂದು ದಿನವೂ ಸಾಲಿ ತಪ್ಪಿಸಿಲ್ಲ. ಆರರಿಂದ ಏಳರ ನನ್ನ ಪಾಳಿಯಲ್ಲಿ ಸಮಾಜಶಾಸ್ತ್ರದ ಪಾಠವನ್ನೇ ಜೋಗುಳದ ಧಾಟಿಯಲ್ಲಿ ಓದಿ ಹೇಳುತ್ತೇನೆ. ಅದಕ್ಕಂತೂ ಬಹಳ ಬೇಗ ನಿದ್ದೆ ಬರುತ್ತದೆ!

ಹಿರಿಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಕೂಸು ಅತ್ತರೆ ತಾಯಿಯನ್ನು ದೂರಬೇಡಿ, ಕೂಸನ್ನು ಸುಡಬೇಡಿ, ಸಾಲಿಗೆ ಹೋಗುವ ಹುಡುಗಿಯನ್ನು ತೊಟ್ಟಿಲಿಗೆ ಕಟ್ಟಿಹಾಕಬೇಡಿ. ನನ್ನ ಸಹಪಾಠಿ ಅಣ್ಣತಮ್ಮಂದಿರಲ್ಲಿಯೂ ಒಂದು ಮಾತು. ಕೂಸನ್ನು ಎತ್ತಿಕೊಳ್ಳುವುದು ಅಕ್ಕತಂಗಿಯರ ಕೆಲಸವೆಂದು ಜಾರಿಕೊಳ್ಳಬೇಡಿ. ಒಂದು ಗಂಟೆಯ ಪಾಳಿ ನಿಮ್ಮದೂ ಇರಲಿ.

— ಹತ್ತನೆಯ ತರಗತಿಯ ವಿದ್ಯಾರ್ಥಿನಿ