ಟಾರ್ಚ್ ಇಲ್ಲದ ಕಂಪ್ಯೂಟರು

ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ನಾನು ಹೊರಗೆ ನೋಡುವುದಿಲ್ಲ. ನನ್ನ ಕಣ್ಣೆಲ್ಲ ಕಂಡಕ್ಟರರ ಕೈಯೊಳಗಿನ ಟಿಕೆಟ್ ಮಷಿನ್ ಮೇಲೆ. ಮುಳಗುಂದ ದಾಟುವಷ್ಟರಲ್ಲಿ ಅದು ಎಷ್ಟು ಸಲ ಕಿರ್ರೆಂದಿತು, ಯಾವ ಗುಂಡಿಯ ಅಕ್ಷರ ಹೆಬ್ಬೆರಳಿಗೆ ಸವೆದುಹೋಗಿದೆ, ಇದೆಲ್ಲ ನನ್ನ ಲಕ್ಷ್ಯದಲ್ಲಿರುತ್ತದೆ. ಪಕ್ಕದವರು ನನ್ನನ್ನು ಚೆಕಿಂಗ್ ಇನ್ಸ್‌ಪೆಕ್ಟರ್ ಎಂದು ತಿಳಿದು ತಮ್ಮ ಟಿಕೆಟ್ ಹುಡುಕತೊಡಗಿದ್ದೂ ಉಂಟು.

ಹಾಗೆ ನೋಡಿದರೆ ಅದೂ ಒಂದು ಪೂರ್ತಿ ಕಂಪ್ಯೂಟರೇ. ಪ್ರೊಸೆಸರ್, ಮೆಮೊರಿ, ಪರದೆ, ಪ್ರಿಂಟರ್, ಯಾವುದಕ್ಕೂ ಕೊರತೆ ಇಲ್ಲ. ಆದರೆ ಒಳಗೆ ಯಜಮಾನಿಕೆ ಪ್ರೊಸೆಸರಿನದಲ್ಲ. ಕಾಗದದ ಸುರುಳಿಯದು, ಅದನ್ನು ಮುಂದೆ ನೂಕುವ ಮೋಟರಿನದು, ಆ ಮೋಟರಿಗೆ ಅನ್ನ ಹಾಕುವ ಬ್ಯಾಟರಿಯದು. ಬುದ್ಧಿವಂತರೆಲ್ಲ ಒಂದು ಮೂಲೆಯಲ್ಲಿ ಮುದುರಿ ಕೂತಿರುತ್ತಾರೆ. ಇನ್ನು ಶಾಯಿಗಂತೂ ಜಾಗವೇ ಇಲ್ಲ. ಕಾಗದಕ್ಕೇ ಒಂದು ಲೇಪನ ಬಳಿದಿರುತ್ತಾರೆ, ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ. ಶಾಯಿ ಉಳಿಸಿದ್ದಕ್ಕೆ ತೆರುವ ಬೆಲೆ ಏನೆಂದರೆ, ಟಿಕೆಟನ್ನು ಅಂಗಿಯ ಕಿಸೆಯಲ್ಲಿ ಮರೆತರೆ ಕೆಲವು ತಿಂಗಳಲ್ಲಿ ಅದು ಬರೀ ಬಿಳಿ ಚೀಟಿ. ಮುದ್ರಣಕ್ಕೆ ಹೆಸರಾದ ಗದಗಿನವನಿಗೆ ಇದು ತುಸು ನಾಚಿಕೆಯ ಸಂಗತಿ. ಇಲ್ಲಿ ಅಚ್ಚುಮೊಳೆ ಜೋಡಿಸಿ ಹಾಕಿದ ಹಳೆಯ ಲಗ್ನಪತ್ರಿಕೆಗಳು ಆ ಮದುವೆಗಳಿಗಿಂತ ಹೆಚ್ಚು ಬಾಳಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸೊನ್ನೆ ರೂಪಾಯಿಯ ಟಿಕೆಟ್. ಸೊನ್ನೆಯನ್ನು ಅಚ್ಚು ಹಾಕುವುದಕ್ಕೂ ಅಷ್ಟೇ ಕಾಗದ, ಅಷ್ಟೇ ಬ್ಯಾಟರಿ ಬೇಕು ಎಂಬುದು ಮಷಿನ್ನಿಗೆ ಗೊತ್ತು, ನಮಗೆ ಹೊಳೆಯುವುದಿಲ್ಲ.

ಟಿಕೆಟ್ ಮಷಿನ್ ಒಂದೇ ಕೆಲಸ ಮಾಡುತ್ತದೆ, ಆದ್ದರಿಂದ ಬದುಕಿಕೊಂಡಿದೆ. ಎಲ್ಲರ ಎಲ್ಲ ಕೆಲಸವನ್ನೂ ಮಾಡಲು ಹೊರಟ ಇನ್ನೊಂದು ಅಂಗೈಯಗಲದ ಕಂಪ್ಯೂಟರು ನಮ್ಮ ರಾಜ್ಯದಲ್ಲೇ ಹುಟ್ಟಿತ್ತು. ಅದರ ಹೆಸರು ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಎಂಬ ಕಂಪನಿಯವರ ಜತೆ ಸೇರಿ 1999ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಸರಳ, ಅಗ್ಗ, ಹಲವು ಭಾಷೆ ಬಲ್ಲದ್ದು: ಹಳ್ಳಿಯವರಿಗೆ, ಓದು ಬಾರದವರಿಗೂ ಆಗಬೇಕು ಎನ್ನುವುದು ಅವರ ಹಟ. 2001ರಲ್ಲಿ ಮೊದಲ ಮಾದರಿ ತೋರಿಸಿದಾಗ ದೊಡ್ಡ ಸುದ್ದಿಯಾಯಿತು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬ್ರೂಸ್ ಸ್ಟರ್ಲಿಂಗ್ ಎಂಬ ಲೇಖಕ ಆ ವರ್ಷದ ಮುಖ್ಯ ಸಂಶೋಧನೆಗಳಲ್ಲಿ ಇದನ್ನೂ ಎಣಿಸಿದ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನವರು ‘ಅಮಿಡ’ ಎಂಬ ಹೆಸರಿನ ಸಿಂಪ್ಯೂಟರನ್ನು ಮಾಡಿ ಮಾರುಕಟ್ಟೆಗೆ ಬಿಟ್ಟರು. ಬೆಲೆ ಹತ್ತು ಸಾವಿರದ ಹತ್ತಿರದಿಂದ ಶುರು.

ಆಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ನಮ್ಮ ದೊಡ್ಡಪ್ಪನ ಮಗ ಒಂದನ್ನು ಕೊಂಡ. ನಿವೃತ್ತನಾಗಿ ಗದಗಿಗೆ ಬರುವಾಗ ಸಾಮಾನಿನ ಜತೆ ಅದೂ ಬಂತು. ಮನೆಯಲ್ಲಿ ಅತ್ತಿಗೆಯವರು “ಒಂದೋ ಅದು ಇರಬೇಕು, ಒಂದೋ ಹಪ್ಪಳದ ಡಬ್ಬಿ” ಎಂದು ಕಪಾಟಿನ ವಿಷಯದಲ್ಲಿ ಖಡಾಖಂಡಿತ ಹೇಳಿದ್ದರಿಂದ ಅದು ನನ್ನ ಪಾಲಿಗೆ ಬಂತು. ಬೆಟಗೇರಿಯಲ್ಲಿ ನನ್ನ ಅಳಿಯನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ತಂಗಿಯ ಮಗ, ಚಿಮಟ ಹಿಡಿಯುವುದರಲ್ಲಿ ಡಾಕ್ಟರರನ್ನು ಮೀರಿಸಿದವ. ಅವನ ಮುಂದೆ ಇಟ್ಟು, “ಬಿಚ್ಚಪಾ ತಮ್ಮಾ, ಒಳಗ ಏನೈತಿ ನೋಡೋಣು” ಎಂದೆ.

“ಚಾಲೂ ಆಗೂದಿಲ್ರೀ ಮಾವಾ ಇದು. ಬ್ಯಾಟರಿ ಸತ್ತು ಯಾವ ಕಾಲ ಆತೋ.”

“ಚಾಲೂ ಮಾಡು ಅಂದನೇನು? ಬಿಚ್ಚು ಅಂದೆ.”

ಗಿರಾಕಿ ಎಂದಮೇಲೆ ಹೇಳಿದಂತೆ ಕೇಳಬೇಕು ಎನ್ನುವ ಮುಖಮಾಡಿ ಬಿಚ್ಚಿದ.

ಒಳಗಿನ ಪ್ರೊಸೆಸರ್ ಇಂಟೆಲ್‌ನವರ ಸ್ಟ್ರಾಂಗ್‌ಆರ್ಮ್, ವೇಗ 206 ಮೆಗಾಹರ್ಟ್ಸ್. ಹೆಸರಿಗೆ ಬಲಭೀಮ, ಊಟ ಮಾತ್ರ ಉಪವಾಸದವರದು, ಅರ್ಧ ವ್ಯಾಟಿನ ಒಳಗೇ ಮುಗಿಸುತ್ತದೆ. ಅಷ್ಟು ಕಡಿಮೆ ತಿನ್ನಬೇಕೆಂದರೆ ಏನಾದರೂ ಬಿಡಲೇಬೇಕಲ್ಲ, ಅದು ಬಿಟ್ಟದ್ದು ದಶಾಂಶದ ಲೆಕ್ಕವನ್ನು. ಹಾಗೆಂದರೆ, ಬಿಂದುವಿನ ಆಚೆಯ ಲೆಕ್ಕ ಮಾಡುವ ಪ್ರತ್ಯೇಕ ಭಾಗ ಅದರಲ್ಲಿಲ್ಲ. ಪೂರ್ಣಸಂಖ್ಯೆಯಾದರೆ ಸರಸರ, ಚಿಲ್ಲರೆ ಬಂದರೆ ತಲೆ ಕೆರೆದುಕೊಳ್ಳುತ್ತದೆ. ನಮ್ಮ ಕಂಡಕ್ಟರರ ಸ್ವಭಾವವೂ ಹೀಗೇ ಇರುವುದರಿಂದ ನನಗದು ದೋಷ ಅನ್ನಿಸಲಿಲ್ಲ. ಹಾರ್ಡ್ ಡಿಸ್ಕ್ ಇಲ್ಲ. ತಿರುಗುವ ವಸ್ತು ಹಳ್ಳಿಯ ದೂಳಿನಲ್ಲಿ ಬಾಳುವುದಿಲ್ಲ, ಬ್ಯಾಟರಿಯನ್ನೂ ಬಾಳಗೊಡುವುದಿಲ್ಲ. ಅದರ ಬದಲು ಕೆಲವೇ ಮೆಗಾಬೈಟಿನ ಫ್ಲ್ಯಾಶ್ ಮೆಮೊರಿ. ಈಗ ನಮ್ಮ ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಮುಂಜಾನೆ ಬರುವ ಗುಲಾಬಿ ಹೂಗಳಿಗೇ ಅದು ಸಾಲದು. ಅಷ್ಟರಲ್ಲೇ ಲಿನಕ್ಸ್, ಲೆಕ್ಕದ ಪುಸ್ತಕ, ಬರೆಯುವ ಹಾಳೆ ಎಲ್ಲವೂ ಹಿಡಿಯಬೇಕಿತ್ತು.

ಪರದೆ ಬೂದು ಬಣ್ಣದ್ದು, 320ಕ್ಕೆ 240 ಚುಕ್ಕಿ. ಬಣ್ಣದ ಪರದೆಯ ಮಾದರಿಯೂ ಇತ್ತು, ಅಣ್ಣ ಕೊಂಡದ್ದು ಸೋವಿಯದು. ಆದರೆ ಡಂಬಳ ದಾಟಿ ಮುಂಡರಗಿ ಕಡೆಯ ಹೊಲದಲ್ಲಿ ನಡುಮಧ್ಯಾಹ್ನ ನಿಂತು ನೋಡಿ. ಇವತ್ತಿನ ಇಪ್ಪತ್ತು ಸಾವಿರದ ಫೋನಿನಲ್ಲಿ ಕಾಣುವುದು ನಮ್ಮ ಮುಖ ಮತ್ತು ಕಪ್ಪತಗುಡ್ಡದ ನೆರಳು ಮಾತ್ರ. ಬೂದು ಪರದೆ ಹಾಗಲ್ಲ, ಬಿಸಿಲನ್ನೇ ಬೆಳಕು ಮಾಡಿಕೊಳ್ಳುತ್ತದೆ. ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟ. ಜಮೀನಿನ ಉತಾರದ ಕೆಲಸಕ್ಕೆ ಸರ್ಕಾರ ಇದನ್ನು ಬಳಸಿ ನೋಡಿದ್ದು ಸುಮ್ಮನೆ ಅಲ್ಲ. ತಲಾಟಿಯವರು ಬದುವಿನ ಮೇಲೆ ನಿಂತು ಓದಬಹುದಾದ ಪರದೆ ಅದು. ಮುಟ್ಟುವ ರೀತಿಯೂ ಬೇರೆ: ಒತ್ತಿದರೆ ತಿಳಿಯುವ ಪರದೆ, ಕಡ್ಡಿಯಾದರೂ ಆದೀತು, ಉಗುರಾದರೂ ಆದೀತು, ಹಸಿ ಕೈಯಾದರೂ ಆದೀತು. ಈಗಿನ ಗಾಜು ದುಡಿದು ಒರಟಾದ ಬೆರಳನ್ನು ಎಷ್ಟೋ ಸಲ ಬೆರಳೆಂದೇ ಒಪ್ಪುವುದಿಲ್ಲ. ಆಧಾರ್ ಕೇಂದ್ರದಲ್ಲೂ ಅದೇ ಕತೆ, ಇರಲಿ.

ಅಳಿಯ ಒಂದು ಸಣ್ಣ ಚಿಪ್ಪಿನ ಮೇಲೆ ಚಿಮಟ ಇಟ್ಟು ಕಣ್ಣರಳಿಸಿದ. ಅದು ಚಲನೆ ತಿಳಿಯುವ ಸಂವೇದಕ. ಮುಂಗೈ ತಿರುವಿದರೆ ಪರದೆಯ ಪುಟ ಮಗುಚುವ ಸೌಕರ್ಯ ಅಮಿಡದಲ್ಲಿತ್ತು, 2004ರಲ್ಲೇ. ಐಫೋನು ಬಂದದ್ದು 2007ರಲ್ಲಿ. “ಅಂದ್ರ ಆ್ಯಪಲ್‌ನವರಿಗಿಂತ ಮೊದಲ ನಾವು?” ಎಂದ. ಹೌದಪಾ ಎಂದೆ. ಅವನ ಎದೆ ಎರಡಿಂಚು ಉಬ್ಬಿತು. ಇಬ್ಬರೂ ಆ ಚಿಪ್ಪನ್ನು ಮಾಡಿದವರಲ್ಲ, ಆದರೂ ಚಹಾ ತರಿಸಿದೆವು.

ಚಹಾ ಕುಡಿಯುವಾಗ ಅವನು ಕೇಳಿದ ಪ್ರಶ್ನೆಯೇ ಇಡೀ ಕತೆ. “ಮಾವಾ, ಇಷ್ಟು ದೊಡ್ಡ ಕಾರ್ಡಿನ ಬಾಯಿ ಯಾಕ? ಸಿಮ್ ಎಲ್ಲಿ ಹಾಕೂದು?”

ಬೆಟಗೇರಿಯ ಹಳೆಯ ನೇಕಾರರ ಮನೆಗೆ ಹೋದವರಿಗೆ ಗೊತ್ತು. ಪಡಸಾಲೆಯ ನಡುವೆ ಕುಣಿಮಗ್ಗ; ಅದರ ಸುತ್ತ ಉಳಿದ ಜಾಗದಲ್ಲಿ ಊಟ, ನಿದ್ದೆ, ಬಾಣಂತನ, ಬೀಗರು. ಮನೆಯೊಳಗೆ ಮಗ್ಗ ಇರುವುದಲ್ಲ, ಮಗ್ಗದೊಳಗೆ ಮನೆ ಇರುವುದು. ಸಿಂಪ್ಯೂಟರಿನ ಮಗ್ಗ ಈ ಕಾರ್ಡಿನ ಬಾಯಿ. 85.6 ಮಿಲಿಮೀಟರು ಉದ್ದ, 54 ಮಿಲಿಮೀಟರು ಅಗಲದ ಸ್ಮಾರ್ಟ್ ಕಾರ್ಡು ಅಂಗೈಯಗಲದ ಪೆಟ್ಟಿಗೆಯಲ್ಲಿ ಸೇರಬೇಕೆಂದರೆ ಉಳಿದವರೆಲ್ಲ ಸರಿದು ಕೂರಬೇಕು. ಅದನ್ನು ಬಿಟ್ಟಿದ್ದರೆ ಯಂತ್ರ ಇನ್ನೂ ತೆಳ್ಳಗೆ, ಇನ್ನೂ ಸೋವಿಯಾಗುತ್ತಿತ್ತು. ಬಿಡಲಿಲ್ಲ. ಏಕೆಂದರೆ ಅವರ ಲೆಕ್ಕದಲ್ಲಿ ಊರಿಗೆ ಒಂದೇ ಪೆಟ್ಟಿಗೆ, ತಲೆಗೊಂದು ಕಾರ್ಡು. ನಿಮ್ಮ ಕಾರ್ಡು ತೂರಿಸಿದರೆ ಪೆಟ್ಟಿಗೆ ನಿಮ್ಮದು, ನಿಮ್ಮ ಲೆಕ್ಕ, ನಿಮ್ಮ ಭಾಷೆ. ತೆಗೆದರೆ ಪಕ್ಕದ ಮನೆಯವರದು. ಹತ್ತು ಸಾವಿರ ಒಬ್ಬನಿಗೆ ಭಾರ, ಊರಿಗೆ ಹಗುರ.

ತಮಾಷೆ ಎಂದರೆ ಸಿಮ್ ಕೂಡ ಅದೇ ಜಾತಿಯ ಸ್ಮಾರ್ಟ್ ಕಾರ್ಡು. 1991ರಲ್ಲಿ ಬಂದ ಮೊದಲ ಸಿಮ್‌ಗಳು ಇಷ್ಟೇ ದೊಡ್ಡವಾಗಿದ್ದವು. ಆಮೇಲೆ ಕಡಿದು ಕಡಿದು ಕಿರುಬೆರಳ ಉಗುರಿನಷ್ಟಾಗಿ ಒಬ್ಬೊಬ್ಬರ ಫೋನಿನೊಳಗೆ ಬಾಗಿಲು ಹಾಕಿಕೊಂಡು ಕೂತುಬಿಟ್ಟವು. ಈ ಪೆಟ್ಟಿಗೆಯಲ್ಲಿ ಹಂಚಿಕೊಳ್ಳಲೆಂದು ಇಟ್ಟ ಕಾರ್ಡು, ಆ ಪೆಟ್ಟಿಗೆಯಲ್ಲಿ ಹಂಚಿಕೊಳ್ಳದಿರುವುದಕ್ಕೆ ಬಂತು.

ಸಿಂಪ್ಯೂಟರ್ ನಡೆಯದೆ ಹೋದದ್ದಕ್ಕೆ, ಪ್ರಾಧ್ಯಾಪಕರಿಗೆ ಹಳ್ಳಿ ಗೊತ್ತಿರಲಿಲ್ಲ ಎಂದು ನಗುವವರಿದ್ದಾರೆ. ನಾನು ಒಪ್ಪುವುದಿಲ್ಲ. 1999ರಲ್ಲಿ ಶಿರಹಟ್ಟಿಯ ಎಸ್‌ಟಿಡಿ ಬೂತಿನಲ್ಲಿ ಇಡೀ ಓಣಿಯವರ ನೆಂಟಸ್ತನ ನಡೆಯುತ್ತಿತ್ತು. ಮುಂಬಯಿಯಿಂದ ಮಗನ ಫೋನು ಬಂದರೆ ಬೂತಿನ ಹುಡುಗ ಓಡಿಬಂದು ಕರೆಯುತ್ತಿದ್ದ. ತಾಯಿ ಒಳಗೆ ಕೂಗಿ ಮಾತಾಡುತ್ತಿದ್ದರೆ ಹೊರಗೆ ಸರದಿಯಲ್ಲಿ ನಿಂತವರು “ಪಗಾರ ಹೆಚ್ಚಾತೇನ ಕೇಳವ್ವಾ” ಎಂದು ನೆನಪು ಮಾಡುತ್ತಿದ್ದರು. ಪ್ರಾಧ್ಯಾಪಕರು ಕಂಡ ಹಳ್ಳಿ ಅದು. ಅದಕ್ಕೆ ತಕ್ಕಂತೆಯೇ ಅಂಗಿ ಹೊಲಿದರು. ಹೊಲಿದು ತರುವಷ್ಟರಲ್ಲಿ ಮೈ ಬೇರೆಯಾಗಿತ್ತು. 2003ರಲ್ಲಿ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿಸಿಕೊಂಡು ಕೈಗೊಂದು ಫೋನು ಕೊಟ್ಟರು.

ಬೆಲೆಯೇ ಸಿಂಪ್ಯೂಟರನ್ನು ಕೊಂದಿತು ಎನ್ನುವುದೂ ಅರ್ಧ ಮಾತು. ಊರಿಗೆ ಒಂದು ಎಂದರೆ ಅದನ್ನು ಕೊಳ್ಳಬೇಕಾದವರು ಯಾರು, ಸಂಜೆಗೆ ಚಾರ್ಜಿಗೆ ಹಾಕುವವರು ಯಾರು, ಗೌಡರ ಮನೆಯಲ್ಲಿರಬೇಕೋ ಗುಡಿಯಲ್ಲೋ? ಯಂತ್ರದಲ್ಲಿ ಹಂಚಿಕೊಳ್ಳುವ ಬಾಯಿ ಇತ್ತು, ಅದರ ಹಿಂದೆ ಒಂದು ಸಂಘ ಇರಲಿಲ್ಲ. ಸಂಘ ಎನ್ನುವುದು ನಮಗೆ ಹೊಸತೇ? ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ದರು. ಅಂಥ ಸೊಸೈಟಿಗಳ ಗುಮಾಸ್ತರ ಟೇಬಲ್ಲಿಗೆ ಇದು ಮೊದಲು ಬಂದಿದ್ದರೆ, ಎಂದು ನನಗನ್ನಿಸುತ್ತದೆ. ಸೊಸೈಟಿಯ ಚುನಾವಣೆ ನೋಡಿದವರಿಗೆ ಹಾಗೆ ಅನ್ನಿಸಲಿಕ್ಕಿಲ್ಲ.

ಸಿಂಪ್ಯೂಟರ್ ಮಾತಾಡುತ್ತಿತ್ತು ಎಂಬುದನ್ನು ಹೇಳಲೇಬೇಕು. ಬರೆದದ್ದನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಮಾಡಿದ್ದರು. ಹಿಂದಿ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಅಷ್ಟು ಸಣ್ಣ ಮೆಮೊರಿಯಲ್ಲಿ ಶಬ್ದಕೋಶವನ್ನೆಲ್ಲ ದನಿಮುದ್ರಿಸಿ ಇಡುವುದು ಆಗದ ಮಾತು. ಹಾಗಾಗಿ ಅಕ್ಷರಗಳ ತುಂಡುದನಿಗಳನ್ನು ಒತ್ತಿ ತುಂಬಿ, ಬೇಕಾದಾಗ ಒಂದಕ್ಕೊಂದು ಅಂಟಿಸಿ ನುಡಿಸುವುದು. ಜಾಗ ಉಳಿಯಿತು, ರಾಗ ಹೋಯಿತು. ಅಣ್ಣ ಇದನ್ನು ಹೊಸದಾಗಿ ಕೊಂಡಾಗ ಉತ್ಸಾಹದಿಂದ ಲಕ್ಷ್ಮೇಶ್ವರದ ನಮ್ಮ ಅತ್ತಿಯ ಮುಂದೆ ನುಡಿಸಿದ. ಊರಾದರೂ ಎಂಥದು! ಪುಲಿಗೆರೆ, ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲೇ ಕನ್ನಡದ ತಿರುಳಿನ ಸೀಮೆ ಎಂದು ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದು. ಅಂಥಲ್ಲಿ ಪೆಟ್ಟಿಗೆ ಏರಿಳಿತವಿಲ್ಲದೆ, ಉಸಿರು ಹಾಕದೆ, “ನ ಮ ಸ್ಕಾ ರ” ಎಂದಿತು. ಅತ್ತಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

“ಯಾವೂರಾವೋ ಇಂವಾ? ಮೂಗು ಕಟ್ಟೇತಿ ಪಾಪ. ಒಂದೀಟು ಬಿಸಿನೀರ ಕುಡಸ್ರಿ.”

ಅಣ್ಣನಿಗೆ ಸಿಟ್ಟು ಬಂತು. ನನಗೆ ಮಾತ್ರ ಅದು ಗೆಲುವೆಂದೇ ಕಂಡಿತು. ಅತ್ತಿ ಪೆಟ್ಟಿಗೆಯನ್ನು ಮನುಷ್ಯನೆಂದೇ ತಿಳಿದು ಕಾಳಜಿ ಮಾಡಿದ್ದಳು. ಈಗಿನ ಫೋನುಗಳು ಸೊಗಸಾದ ಹೆಣ್ಣುದನಿಯಲ್ಲಿ ಕನ್ನಡ ಆಡುತ್ತವೆ, ಯಾರೂ ಅವುಗಳ ಆರೋಗ್ಯ ವಿಚಾರಿಸುವುದಿಲ್ಲ.

ನಾವು ಹೀಗೆ ಬಿಚ್ಚಿಕೊಂಡು ಕೂತಿರುವಾಗ ಮುಂಡರಗಿ ಕಡೆಯ ರೈತರೊಬ್ಬರು ತಮ್ಮ ಫೋನಿನ ಗಾಜು ಹಾಕಿಸಲು ಬಂದರು. ಸಿಂಪ್ಯೂಟರನ್ನು ಕೈಯಲ್ಲಿ ಹಿಡಿದು, ಮಗುಚಿ, ತೂಕ ನೋಡಿ ಕೇಳಿದರು: “ಬ್ಯಾಟ್ರಿ ಎಲ್ಲೈತ್ರಿ ಇದರಾಗ?”

ಅಳಿಯ ಒಳಗಿನ ಬ್ಯಾಟರಿ ತೋರಿಸಿದ.

“ಅದಲ್ರೀ. ಬೆಳಕಿಂದು.”

ಇಬ್ಬರೂ ಸುಮ್ಮನಾದೆವು. ಅದೇ ಹೊತ್ತಿಗೆ, 2003ರಲ್ಲಿ, ನೋಕಿಯಾದವರು 1100 ಎಂಬ ಫೋನು ತಂದಿದ್ದರು. ಅದರಲ್ಲಿ ಲಿನಕ್ಸ್ ಇಲ್ಲ, ಲೆಕ್ಕಪುಸ್ತಕ ಇಲ್ಲ, ಮುಂಗೈ ತಿರುವಿದರೆ ಏನೂ ಆಗುವುದಿಲ್ಲ. ದೂಳು ಹೋಗದ ರಬ್ಬರ್ ಗುಂಡಿಗಳು, ಜಾರದ ಹಿಡಿಕೆ, ತಲೆಯ ಮೇಲೊಂದು ಟಾರ್ಚು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ಹೆಚ್ಚಾಗಿ ರಾತ್ರಿ. ಹಾವು ಚೇಳಿನ ಬದುವಿನ ಮೇಲೆ ನಡೆಯುವವನಿಗೆ ಬೇಕಾದದ್ದು ಅದು. ಲೋಕದಾದ್ಯಂತ 25 ಕೋಟಿಯಷ್ಟು ಮಾರಿತು. ಬಡವರಿಗಾಗಿ ಹಗಲೆಲ್ಲ ಯೋಚಿಸಿದ ನಮ್ಮ ಪ್ರಾಧ್ಯಾಪಕರು ಮುಂಡರಗಿಯ ಬಿಸಿಲಿಗೆ ಪರದೆ ಹೊಂದಿಸಿದರು, ಕತ್ತಲೆಗೆ ಒಂದು ದೀಪ ಇಡಲು ಮರೆತರು. ಒಂದು ಎಲ್‌ಇಡಿಗೆ ಎಷ್ಟು ಜಾಗ ಬೇಕು? ಕಾರ್ಡಿನ ಬಾಯಿಯ ಪಕ್ಕ ಆರಾಮಾಗಿ ಹಿಡಿಯುತ್ತಿತ್ತು ಎಂದು ಅಳಿಯ ಚಿಮಟದಲ್ಲಿ ಅಳೆದು ತೋರಿಸಿದ.

ಪೆಟ್ಟಿಗೆಯನ್ನು ಮತ್ತೆ ಮುಚ್ಚಿದ್ದಾಯಿತು. ಈಗದು ಅವನ ಅಂಗಡಿಯ ಗಾಜಿನ ಕಪಾಟಿನಲ್ಲಿದೆ, ಮೇಲೆ ‘ಮಾರಾಟಕ್ಕಿಲ್ಲ’ ಎಂಬ ಚೀಟಿ. ಇದುವರೆಗೆ ಯಾರೂ ಕೇಳಿಲ್ಲ. ಅದರ ಕಡ್ಡಿಗೆ ಮಾತ್ರ ಬಹಳ ಬೇಡಿಕೆ. ಮೊದಲು ಬಂದವರು ಪಕ್ಕದ ಕಿರಾಣಿಯವರು, ಅವರ ತಕ್ಕಡಿಯ ಒಂದು ಗುಂಡಿ ಒಳಗೆ ಕುಸಿದಿದೆ. ಆಮೇಲೆ ಟೇಲರ್ ಕಾಕಾ, ಹೊಲಿಗೆ ಮಷಿನ್ನಿನ ಸಂದಿಯ ದಾರ ತೆಗೆಯಲು. ಸೀರೆ ಅಂಗಡಿಯ ಹುಡುಗಿ ಉಗುರಿಗೆ ಹೊಸ ಬಣ್ಣ ಹಾಕಿಕೊಂಡ ದಿನ ಕ್ಯಾಲ್ಕುಲೇಟರ್ ಒತ್ತಲು. ಹೋದ ಸಲ ನಾನು ಹೋದಾಗ ಕಡ್ಡಿ ಕಾಣಲಿಲ್ಲ.

“ಎಲ್ಲಿ ಹೋತೋ?”

“ಚಾದವರ ಕಡೆ ಐತ್ರಿ ಮಾವಾ. ಅವರಾದಮ್ಯಾಲ ಕಟಿಂಗ್ ಶಾಪಿನವರ ಪಾಳಿ.”