ಸೋತ ತಂಡದ ಗೋಲ್‌ಕೀಪರ್

ಏಪ್ರಿಲ್ ಬಂತೆಂದರೆ ಕೊಡಗಿನಲ್ಲಿ ಮಾತಿಗೆ ಎರಡೇ ವಿಷಯ. ಯಾರ ತೋಟಕ್ಕೆ ಕಾಫಿ ಅರಳಿಸುವ ಹೂಮಳೆ ಎಷ್ಟು ಸೆಂಟ್ ಬಿತ್ತು, ಕೊಡವರ ಹಾಕಿ ಹಬ್ಬದಲ್ಲಿ ಯಾರ ಒಕ್ಕ, ಅಂದರೆ ಮನೆತನ, ಎಷ್ಟನೇ ಸುತ್ತಿಗೆ ಬಂತು. ಮಳೆಗಾದರೆ ಮಾಪಕ ಉಂಟು, ಜಗಳ ಬೇಗ ಮುಗಿಯುತ್ತದೆ. ಹಾಕಿಗೆ ಅದಿಲ್ಲ, ಗ್ಯಾಲರಿಯಲ್ಲಿ ಕೂತವರೆಲ್ಲ ಸೆಲೆಕ್ಟರುಗಳೇ. “ನಮ್ಮ ಹುಡುಗ ಸತತ ಮೂರು ವರ್ಷ ಇಂಟರ್ ಕಾಲೇಜ್ ಗೆದ್ದವ. ಅವನನ್ನು ಇಂಡಿಯಾ ಕ್ಯಾಂಪಿಗೆ ಯಾಕೆ ಕರೆಯಲಿಲ್ಲ, ಹೇಳಿ ನೋಡುವ?” ಎಂದು ಒಬ್ಬರು ಶುರು ಮಾಡುತ್ತಾರೆ. “ಗೆದ್ದದ್ದು ಅವನೋ, ಅವನ ಕಾಲೇಜೋ?” ಎಂದು ಪಕ್ಕದವರು. ಅಲ್ಲಿಂದ ಮುಂದೆ ಮೈದಾನದ ಆಟ ಇಬ್ಬರಿಗೂ ಬೇಡ.

ನಾನು ಆ ಪಕ್ಕದವರ ಕಡೆ. ಲೆಕ್ಕವನ್ನೇ ನೋಡಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಈ ಹಬ್ಬ ಶುರು ಮಾಡಿದಾಗ ಬಂದದ್ದು 60 ಒಕ್ಕ. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಇದೇ ಹಬ್ಬದ ಮುದ್ದಂಡ ಕಪ್‌ಗೆ 396. ಸೋತರೆ ಹೊರಗೆ ಎನ್ನುವ ಪಂದ್ಯಾವಳಿಯಲ್ಲಿ ಗೆದ್ದು ಉಳಿಯುವುದು ಒಂದೇ ಒಕ್ಕ, ಬಾಕಿ 395ಕ್ಕೂ ಸೋಲೇ ಗತಿ. ಹಾಗೆಂದು ಆ 395 ಒಕ್ಕಗಳಲ್ಲಿ ಆಟಗಾರರೇ ಇಲ್ಲವೆ? ಮೇಲಾಗಿ ಒಕ್ಕದ ತಂಡವನ್ನು ಯಾರೂ ಆರಿಸಿ ಕಟ್ಟುವುದಿಲ್ಲ. ಸೊಂಟನೋವಿನ ದೊಡ್ಡಪ್ಪ, ಪರೀಕ್ಷೆ ಮುಗಿಸಿದ ಹುಡುಗಿ, ರಜೆಗೆ ಬಂದ ಸುಬೇದಾರ್ ಎಲ್ಲ ಸೇರಿ ಆಡುವುದು. ದೊಡ್ಡ ಒಕ್ಕದಲ್ಲಿ ಹುಟ್ಟಿದ ಸಾಧಾರಣ ಹುಡುಗ ಕಪ್ ಎತ್ತುತ್ತಾನೆ. ಸಣ್ಣ ಒಕ್ಕದ ಜಾಣ ಮೊದಲ ಸುತ್ತಿಗೇ ಸೋತು ಮನೆಗೆ ಹೋಗಿ ಪಂದಿಕರಿ ಉಣ್ಣುತ್ತಾನೆ. ಹೂಮಳೆ ಸಕಾಲಕ್ಕೆ ಬಿದ್ದ ವರ್ಷ ಎಲ್ಲರೂ ಜಾಣ ಬೆಳೆಗಾರರೇ ಅಲ್ಲವೆ, ಹಾಗೆ.

ಸೋಮವಾರಪೇಟೆಯ ಎಸ್.ವಿ. ಸುನಿಲ್‌ಗಂತೂ ಆಡಲು ಒಕ್ಕದ ತಂಡವೇ ಇರಲಿಲ್ಲ. ಆದರೂ ಎರಡು ಒಲಿಂಪಿಕ್ಸ್ ಆಡಿದರು. ಎಂ.ಪಿ. ಗಣೇಶ್ ಅವರದ್ದು ಇನ್ನೂ ಚೆಂದ. ಹುಡುಗನಾಗಿದ್ದಾಗ ಕೊಡಗಿನ ಪರ ಆಡಿದ್ದು ಫುಟ್‌ಬಾಲ್. ಹಾಕಿ ಕೈಗೆ ಹತ್ತಿದ್ದು ಸೈನ್ಯಕ್ಕೆ ಸೇರಿದ ಮೇಲೆ. 1972ರ ಮ್ಯೂನಿಕ್‌ನಲ್ಲಿ ಕಂಚು, ಮರುವರ್ಷ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕತ್ವ. ಹದಿನೆಂಟರ ವಯಸ್ಸಿಗೆ ಅವರ ಹಾಕಿ ಕಪ್ ಎಣಿಸಲು ಹೊರಟಿದ್ದ ಸೆಲೆಕ್ಟರ್ ಬರಿಗೈಯಲ್ಲಿ ವಾಪಸ್ಸಾಗುತ್ತಿದ್ದ.

ತಂಡದ ಗೆಲುವಿನಿಂದ ಆಟಗಾರನನ್ನು ಅಳೆಯುವ ಇದೇ ತಲೆನೋವು ಅಮೆರಿಕದವರಿಗೂ ಉಂಟು. ಅವರ ಫುಟ್‌ಬಾಲಿನಲ್ಲಿ ಚೆಂಡು ಕಾಲಿಗಿಂತ ಕೈಯಲ್ಲೇ ಹೆಚ್ಚು, ಅದು ಅವರ ಇಷ್ಟ. ಆ ಚೆಂಡನ್ನು ಹಂಚುವ ಯಜಮಾನ ಕ್ವಾರ್ಟರ್‌ಬ್ಯಾಕ್. ಟಿಮ್ ಟೀಬೋ ಫ್ಲಾರಿಡಾದ ಕಾಲೇಜು ತಂಡದಲ್ಲಿದ್ದಾಗ ಎರಡು ರಾಷ್ಟ್ರೀಯ ಪ್ರಶಸ್ತಿ ಬಂದವು. ವೃತ್ತಿಪರ ಲೀಗಿನಲ್ಲಿ ಆ ಜಾಗದಲ್ಲಿ ಬಹಳ ದಿನ ನಿಲ್ಲಲಾಗಲಿಲ್ಲ. ಪ್ಯಾಟ್ರಿಕ್ ಮಹೋಮ್ಸ್ ಟೆಕ್ಸಸ್ ಟೆಕ್ ಕಾಲೇಜಿಗೆ ಆಡಿ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. 2017ರಲ್ಲಿ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಕಾನ್ಸಾಸ್ ಸಿಟಿಯವರು ಅವನನ್ನು ಒಟ್ಟಾರೆ ಹತ್ತನೆಯವನಾಗಿ ಆರಿಸಿದರು. ಅವನು ಮೂರು ಸೂಪರ್ ಬೌಲ್, ಅಂದರೆ ಆ ಲೀಗಿನ ಫೈನಲ್, ಗೆದ್ದುಕೊಟ್ಟ. ಸೋತ ಕಾಲೇಜಿನವನು ಎಂದು ಬಿಟ್ಟವರೂ ಇದ್ದರೆ, ಈಗ ಅದನ್ನು ಹೇಳಿಕೊಳ್ಳುವ ಧೈರ್ಯ ಯಾರಿಗಿದೆ?

ಅಷ್ಟು ದೂರ ಯಾಕೆ? 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡ ಆರಕ್ಕೆ ಆರೂ ಪಂದ್ಯ ಸೋತು ಹನ್ನೆರಡನೇ ಸ್ಥಾನಕ್ಕೆ ಇಳಿಯಿತು. ಆ ತಂಡದಲ್ಲಿ ಕೊಡಗಿನ ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ಸುನಿಲ್ ಮೂವರೂ ಇದ್ದರು. ಎರಡೇ ವರ್ಷಕ್ಕೆ ಇಂಚಿಯೋನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಸೋಲಿಸಿ ಚಿನ್ನ ತಂದ ತಂಡದಲ್ಲೂ ಇದೇ ಮೂವರು. ಫಲಿತಾಂಶ ನೋಡಿಯೇ ಆಟಗಾರನನ್ನು ಅಳೆಯುವವರು ಇವರನ್ನು 2012ರಲ್ಲೇ ಮನೆಗೆ ಕಳಿಸಬೇಕಿತ್ತು.

ಹಾಗಾದರೆ ಗೆಲುವಿಗೆ ಬೆಲೆಯೇ ಇಲ್ಲವೆ? ಉಂಟು, ಆದರೆ ಆಡುವ ಜಾಗ ನೋಡಿ. ಸೆಂಟರ್ ಹಾಫ್ ಆಟದ ನಡುಮನೆಯವ. ಚೆಂಡು ಅವನನ್ನು ದಾಟಿಯೇ ಹೋಗಬೇಕು. ಜೊತೆಗಾರರು ಓದು ಮುಗಿಸಿ ಹೋದರೂ, ಕೋಚ್ ಬದಲಾದರೂ ಅವನಿರುವ ತಂಡ ಗೆಲ್ಲುತ್ತಲೇ ಇದ್ದರೆ, ಆ ಗೆಲುವಿನಲ್ಲಿ ಅವನ ಪಾಲು ದೊಡ್ಡದೇ. ತುದಿಯಲ್ಲಿ ಓಡುವ ವಿಂಗರ್‌ಗೆ ಅಷ್ಟೇ ಪಾಲು ಕೊಡಲಾಗದು. ಚೆಂಡು ಹಾಕಿಕೊಡುವವರು ಬೇಕಲ್ಲ. ಗೋಲ್‌ಕೀಪರ್ ವಿಷಯದಲ್ಲಂತೂ ಎಲ್ಲ ತಲೆಕೆಳಗು. ಚಾಂಪಿಯನ್ ತಂಡದ ಗೋಲ್‌ಕೀಪರ್ ಪ್ಯಾಡ್ ಕಟ್ಟಿಕೊಂಡು ಬಿಸಿಲು ಕಾಯುತ್ತಾನೆ. ಆರು ಗೋಲು ತಿಂದು ಇನ್ನು ಹದಿನೈದು ತಡೆದವನ ಕೈಚಳಕ, ಧೈರ್ಯ, ಬೈಗುಳದ ಭಂಡಾರ ಎಲ್ಲವೂ ಒಂದೇ ಪಂದ್ಯದಲ್ಲಿ ಕಣ್ಣಿಗೆ ಬೀಳುತ್ತವೆ. ಕೀಪರ್ ಬೇಕಾದವರು ಸೋತವರ ಡ್ರೆಸ್ಸಿಂಗ್ ರೂಮಿಗೇ ಹೋಗಬೇಕು.

ಸರ್ಟಿಫಿಕೇಟಿನ ಮಾತು ಬೇರೆ. ಕ್ರೀಡಾ ಕೋಟಾದ ಸೀಟಿಗೆ, ರೈಲ್ವೆ ನೌಕರಿಗೆ ಅದು ಬೇಕೇ ಬೇಕು. ಲ್ಯಾಮಿನೇಶನ್ ಮಾಡಿಸಿ ಜೋಪಾನವಾಗಿ ಇಡಿ. ಆದರೆ “ನಮ್ಮ ಹುಡುಗ ಮೂರು ವರ್ಷ ಗೆದ್ದವ” ಎಂದವರಿಗೆ ನನ್ನ ಪ್ರಶ್ನೆ ಒಂದೇ: “ತಂಡ 0–2 ಹಿಂದಿದ್ದಾಗ ಅವ ಚೆಂಡು ಕೇಳುತ್ತಿದ್ದನೋ, ಅಂಪೈರನ ಮುಖ ನೋಡುತ್ತಿದ್ದನೋ?” ಹೆಚ್ಚಿನವರು ಉತ್ತರ ಕೊಡುವುದಿಲ್ಲ. “ನೀವು ಎಷ್ಟು ವರ್ಷ ಆಡಿದ್ದೀರಿ?” ಎಂದು ತಿರುಗಿ ಕೇಳುತ್ತಾರೆ. ನಾನು ಆಡಿದವನಲ್ಲ, ಆದ್ದರಿಂದಲೇ ನನ್ನ ದಾಖಲೆಯಲ್ಲಿ ಒಂದು ಸೋಲೂ ಇಲ್ಲ.